ಕೊಚ್ಚಿಯ ಅನಿಲ, ತಿರುವನಂತಪುರದ ಅನಿಲ

ಕೇರಳಕ್ಕೆ ಬಂದು ನೆಲೆಸಿದ ಕನ್ನಡಿಗರಿಗೆಲ್ಲ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಕೊಚ್ಚಿ ಬೇರೆ, ತಿರುವನಂತಪುರ ಬೇರೆ. ನಡುವೆ ಇರುವುದು ಇನ್ನೂರು ಚಿಲ್ಲರೆ ಕಿಲೋಮೀಟರು ಅಷ್ಟೇ. ಆದರೆ ಒಂದು ವ್ಯಾಪಾರದ ಊರು, ಇನ್ನೊಂದು ಫೈಲಿನ ಊರು. ಎರಡೂ ಕಡೆ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ವರ್ಷಗಳನ್ನು ಕಳೆದ ನನಗೆ ಇವೆರಡರ ನಡುವೆ ಇನ್ನೊಂದು ವ್ಯತ್ಯಾಸ ಕಾಣುತ್ತದೆ. ಅದನ್ನು ಯಾರೂ ಹೇಳಿದ್ದು ಕೇಳಿಲ್ಲ, ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಅದು ಅನಿಲದ ವ್ಯತ್ಯಾಸ. ಕೊಚ್ಚಿಯದು ಮೀಥೇನ್, ತಿರುವನಂತಪುರದ್ದು ಹೈಡ್ರೋಜನ್. ಎರಡೂ ಶಾಲೆಯಲ್ಲಿ ಕಲಿಸಿದ ನಿಯಮವನ್ನು ಪಾಲಿಸುವುದಿಲ್ಲ. ತಮಾಷೆ ಏನೆಂದರೆ, ಒಂದು ಆ ಕಡೆಗೆ ತಪ್ಪಿದರೆ ಇನ್ನೊಂದು ಈ ಕಡೆಗೆ ತಪ್ಪುತ್ತದೆ.

ಬಿ.ಕಾಂ. ಓದಿದವನಿಗೆ ಅನಿಲದ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಲೆಕ್ಕ ತಾಳೆಯಾಗದಿದ್ದರೆ ನಮ್ಮ ಜಾತಿಯವರಿಗೆ ನಿದ್ದೆ ಬರುವುದಿಲ್ಲ ಸ್ವಾಮಿ! ಇದು ಇನ್ನೂರು ವರ್ಷ ತಾಳೆಯಾಗದೆ ಉಳಿದಿದ್ದ ಒಂದು ಲೆಕ್ಕದ ಕಥೆ. ಆ ವ್ಯತ್ಯಾಸದ ಮೇಲೆ ಇವತ್ತು ಸಾವಿರಾರು ಕೋಟಿ ರೂಪಾಯಿ ಕೂತಿದೆ.

ಮೊದಲು ನಿಯಮ ಏನು ಅಂತ ನೆನಪು ಮಾಡಿಕೊಳ್ಳೋಣ. ಹೈಸ್ಕೂಲಿನಲ್ಲಿ ಬಾಯ್ಲನ ನಿಯಮ ಎಲ್ಲರೂ ಉರು ಹೊಡೆದವರೇ. 1662ರಲ್ಲಿ ರಾಬರ್ಟ್ ಬಾಯ್ಲ್ ಹೇಳಿದ್ದು ಇಷ್ಟು: ಉಷ್ಣತೆ ಬದಲಾಗದಿದ್ದರೆ ಅನಿಲದ ಮೇಲಿನ ಒತ್ತಡ ಎರಡು ಪಟ್ಟಾದಾಗ ಗಾತ್ರ ಅರ್ಧವಾಗುತ್ತದೆ. ಆಮೇಲೆ ಚಾರ್ಲ್ಸ್, ಗೇ-ಲುಸಾಕ್ ಬಂದರು. ಕಾಯಿಸಿದರೆ ಹಿಗ್ಗುತ್ತದೆ, ತಣಿಸಿದರೆ ಕುಗ್ಗುತ್ತದೆ, ಅದಕ್ಕೂ ಒಂದು ಕಟ್ಟುನಿಟ್ಟಾದ ಪ್ರಮಾಣ ಇದೆ ಅಂದರು. ಇವನ್ನೆಲ್ಲ ಕೂಡಿಸಿದರೆ ಸಿಗುವುದೇ ಆದರ್ಶ ಅನಿಲದ ಸೂತ್ರ. ಒತ್ತಡ, ಗಾತ್ರ, ಉಷ್ಣತೆ, ಮೂರರಲ್ಲಿ ಎರಡು ಗೊತ್ತಿದ್ದರೆ ಮೂರನೆಯದು ತಾನಾಗಿ ಬರುತ್ತದೆ. ನಮ್ಮ ಸರಳ ಬಡ್ಡಿಯ ಲೆಕ್ಕದ ಹಾಗೆ, ಬಹಳ ಸುಲಭ.

ಈ ಸೂತ್ರ ಎರಡು ವಿಷಯಗಳನ್ನು ಸದ್ದಿಲ್ಲದೆ ಒಪ್ಪಿಕೊಂಡುಬಿಟ್ಟಿದೆ. ಅನಿಲದ ಅಣುಗಳಿಗೆ ಸ್ವಂತ ಗಾತ್ರವೇ ಇಲ್ಲ ಅನ್ನುವುದು ಒಂದು. ಅಣುಗಳಿಗೆ ಒಂದರ ಮೇಲೊಂದಕ್ಕೆ ಯಾವ ಸೆಳೆತವೂ ಇಲ್ಲ, ರೈಲ್ವೆ ಪ್ಲಾಟ್‌ಫಾರ್ಮಿನ ಅಪರಿಚಿತರ ಹಾಗೆ ಅತ್ತಿತ್ತ ಓಡಾಡುತ್ತವೆ ಅನ್ನುವುದು ಇನ್ನೊಂದು. ಅಣುಗಳು ದೂರ ದೂರ ಇರುವಾಗ, ಅಂದರೆ ನಾವು ಉಸಿರಾಡುವ ಗಾಳಿಯಂಥ ಸ್ಥಿತಿಯಲ್ಲಿ, ಇದು ಹೆಚ್ಚುಕಡಿಮೆ ನಿಜ. ಒತ್ತಿ ಒತ್ತಿ ಹತ್ತಿರ ತಂದಾಗ ಎರಡೂ ಸುಳ್ಳಾಗುತ್ತವೆ.

ಇದನ್ನು ಪಟ್ಟು ಹಿಡಿದು ಅಳೆದವನು ಫ್ರಾನ್ಸಿನ ವಿಕ್ಟರ್ ರೆನೋ. 1840ರ ದಶಕದಲ್ಲಿ ಉಗಿಯಂತ್ರಗಳಿಗೆ ನಿಖರವಾದ ಅಂಕಿಗಳು ಬೇಕಾಗಿದ್ದವು. ರೆನೋ ಒಂದೊಂದೇ ಅನಿಲವನ್ನು ಒತ್ತಿ ನೋಡಿದ, ಯಾವುದೂ ಬಾಯ್ಲನ ಲೆಕ್ಕಕ್ಕೆ ಪೂರ್ತಿ ಕೂಡಿಬರಲಿಲ್ಲ. ಗಾಳಿ, ಸಾರಜನಕ, ಇಂಗಾಲದ ಡೈ ಆಕ್ಸೈಡ್ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಕುಗ್ಗಿದವು. ಹೈಡ್ರೋಜನ್ ಮಾತ್ರ ಲೆಕ್ಕಕ್ಕಿಂತ ಕಡಿಮೆ ಕುಗ್ಗಿತು. ವ್ಯತ್ಯಾಸ ಚಿಕ್ಕದು. ಆದರೆ ಆಡಿಟರು ಹೇಳುವ ಮಾತು ಗೊತ್ತಲ್ಲ, ವ್ಯತ್ಯಾಸ ಚಿಕ್ಕದಿದ್ದರೂ ಅದಕ್ಕೊಂದು ಕಾರಣ ಇರಲೇಬೇಕು.

ಇದೇ ಸಮಯದಲ್ಲಿ ಇಂಗ್ಲೆಂಡಿನಲ್ಲಿ ಮೈಕೆಲ್ ಫ್ಯಾರಡೆ ಅನಿಲಗಳನ್ನು ದ್ರವ ಮಾಡುವ ಕೆಲಸ ಹಿಡಿದಿದ್ದ. 1823ರಲ್ಲಿ ಕ್ಲೋರಿನ್ ದ್ರವವಾಯಿತು. ಆಮೇಲೆ ಒಂದೊಂದಾಗಿ ಇನ್ನೂ ಹಲವು ಆದವು. 1845ರ ಹೊತ್ತಿಗೆ ಆರು ಮಾತ್ರ ಉಳಿದವು: ಆಮ್ಲಜನಕ, ಸಾರಜನಕ, ಹೈಡ್ರೋಜನ್, ಕಾರ್ಬನ್ ಮೊನಾಕ್ಸೈಡ್, ನೈಟ್ರಿಕ್ ಆಕ್ಸೈಡ್ ಮತ್ತು ಮೀಥೇನ್. ಎಷ್ಟು ಒತ್ತಿದರೂ ಇವು ಬಗ್ಗಲಿಲ್ಲ. ಇವಕ್ಕೆ 'ಶಾಶ್ವತ ಅನಿಲಗಳು' ಅಂತ ಹೆಸರಾಯಿತು. ಈ ಪಟ್ಟಿಯ ಮೀಥೇನನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ. ಎಂದೂ ದ್ರವವಾಗದು ಅಂದುಕೊಂಡಿದ್ದ ಆ ಅನಿಲ ಈಗ ದ್ರವವಾಗಿ ಹಡಗು ತುಂಬ ಬಂದು ವೈಪಿನ್ ದ್ವೀಪದ ತುದಿಯ ಪುದುವೈಪ್ಪಿನಲ್ಲಿ ಇಳಿಯುತ್ತದೆ.

ಗಂಟು ಬಿಡಿಸಿದವನು ಬೆಲ್‌ಫಾಸ್ಟಿನ ಥಾಮಸ್ ಆಂಡ್ರೂಸ್. 1869ರಲ್ಲಿ ಅವನು ಇಂಗಾಲದ ಡೈ ಆಕ್ಸೈಡಿನ ಮೇಲೆ ಮಾಡಿದ ಪ್ರಯೋಗಗಳ ಫಲವನ್ನು ಮುಂದಿಟ್ಟ. ಸುಮಾರು 31 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ಅನಿಲವನ್ನು ಒತ್ತಿದರೆ ದ್ರವವಾಗುತ್ತದೆ. 31 ದಾಟಿತೋ, ಎಷ್ಟೇ ಒತ್ತಿ, ದ್ರವ ಆಗುವುದಿಲ್ಲ. ದ್ರವಕ್ಕೂ ಅನಿಲಕ್ಕೂ ನಡುವಿನ ಗೆರೆಯೇ ಅಳಿಸಿಹೋಗುತ್ತದೆ. ಇದಕ್ಕೆ ಕ್ರಿಟಿಕಲ್ ಉಷ್ಣತೆ ಅಂತ ಹೆಸರು. ಪ್ರತಿ ಅನಿಲಕ್ಕೂ ಇಂಥದೊಂದು ಗಡಿ ಇದೆ. ಫ್ಯಾರಡೆ ಸೋತಿದ್ದು ಒತ್ತಡ ಸಾಲದೆ ಅಲ್ಲ, ತಂಪು ಸಾಲದೆ.

ಇದನ್ನು ನೋಡುವುದಕ್ಕೆ ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ಯಾವುದೇ ಬ್ಯಾಂಕಿನ ಶಾಖೆಗೆ ಹೋಗಿ, ಸರ್ವರ್ ಕೋಣೆಯ ಪಕ್ಕದಲ್ಲಿ ಕಪ್ಪು ಕೊಂಬಿನಂಥ ಮೂತಿಯ ಬೆಂಕಿ ನಂದಿಸುವ ಸಿಲಿಂಡರು ನೇತಾಡುತ್ತಿರುತ್ತದೆ. ಪುಡಿ ತುಂಬಿದ ಸಿಲಿಂಡರಿಗೆ ಮೇಲೆ ಹಸಿರು-ಕೆಂಪು ಗುರುತಿನ ಒತ್ತಡದ ಮೀಟರು ಇರುತ್ತದೆ. ಇಂಗಾಲದ ಡೈ ಆಕ್ಸೈಡಿನ ಸಿಲಿಂಡರಿಗೆ ಮೀಟರೇ ಇರುವುದಿಲ್ಲ. ವರ್ಷಕ್ಕೊಮ್ಮೆ ಬರುವ ಹುಡುಗ ಅದನ್ನು ತಕ್ಕಡಿಗೆ ನೇತುಹಾಕಿ ತೂಕ ನೋಡುತ್ತಾನೆ. ಯಾಕೆ? ಒಳಗೆ ಅರ್ಧಕ್ಕಿಂತ ಹೆಚ್ಚು ದ್ರವ, ಮೇಲೆ ಸ್ವಲ್ಪ ಅನಿಲ. ಅನಿಲ ಸೋರಿದಷ್ಟೂ ದ್ರವ ಆವಿಯಾಗಿ ಜಾಗ ತುಂಬುತ್ತದೆ, ಒತ್ತಡ ಇದ್ದ ಹಾಗೇ ಇರುತ್ತದೆ. ಮೀಟರು ಇಟ್ಟರೆ ಅದು ಕೊನೆಯವರೆಗೂ ಎಲ್ಲ ಸರಿಯಾಗಿದೆ ಅಂತಲೇ ಹೇಳುತ್ತಿತ್ತು. ಏಪ್ರಿಲ್ ತಿಂಗಳ ಪಾಲಕ್ಕಾಡಿನಲ್ಲಂತೂ ಮಧ್ಯಾಹ್ನ ಉಷ್ಣತೆ 31 ಡಿಗ್ರಿ ದಾಟಿ ಎಲ್ಲಿಗೋ ಹೋಗಿರುತ್ತದೆ. ಆಗ ಅದೇ ಸಿಲಿಂಡರಿನ ಒಳಗೆ ದ್ರವವೂ ಅಲ್ಲದ, ಅನಿಲವೂ ಅಲ್ಲದ ಆಂಡ್ರೂಸನ ಪದಾರ್ಥ. ತೂಕ ಒಂದೇ ನಂಬಿಕಸ್ಥ ಲೆಕ್ಕ.

ಅಡುಗೆಮನೆಯ ಎಲ್‌ಪಿಜಿಯೂ ಇದೇ ವಂಶ. ಪ್ರೊಪೇನಿನ ಗಡಿ 97 ಡಿಗ್ರಿ ಹತ್ತಿರ, ಬ್ಯೂಟೇನಿನದು 152. ನಮ್ಮ ಊರಿನ ಸೆಕೆ ಇವಕ್ಕೆ ಲೆಕ್ಕಕ್ಕಿಲ್ಲ. ಹಾಗಾಗಿ ಸುಮ್ಮನೆ ಒತ್ತಿದರೆ ಸಾಕು, ದ್ರವವಾಗಿ 14.2 ಕಿಲೋ ಸಿಲಿಂಡರಿನಲ್ಲಿ ಕೂರುತ್ತವೆ. ಮೀಥೇನಿನ ಗಡಿ ಮೈನಸ್ 82.6 ಡಿಗ್ರಿ. ಅದನ್ನು ಕೊಚ್ಚಿಯ ಹವೆಯಲ್ಲಿ ಒತ್ತಿ ದ್ರವ ಮಾಡುವುದು ಸಾಧ್ಯವೇ ಇಲ್ಲ. ಎಲ್‌ಪಿಜಿ ಬೇರೆ, ಎಲ್‌ಎನ್‌ಜಿ ಬೇರೆ ಅಂತ ಹೇಳುವಾಗ ಮೂಲ ವ್ಯತ್ಯಾಸ ಇದೇ.

ಈಗ ಸೂತ್ರ ತಿದ್ದಿದವನ ಕಥೆಗೆ ಬರೋಣ. ಯೊಹಾನೆಸ್ ವಾನ್ ಡರ್ ವಾಲ್ಸ್ 1837ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಹುಟ್ಟಿದವನು. ಬಡಗಿಯ ಮಗ. ಮೊದಲು ಪ್ರಾಥಮಿಕ ಶಾಲೆಯ ಮೇಷ್ಟ್ರು. ಲ್ಯಾಟಿನ್, ಗ್ರೀಕ್ ಕಲಿತಿರಲಿಲ್ಲವಾದ್ದರಿಂದ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರುವ ಹಕ್ಕೇ ಇರಲಿಲ್ಲ. ನಿಯಮ ಸಡಿಲವಾದ ಮೇಲೆ, 1873ರಲ್ಲಿ, ಮೂವತ್ತೈದನೇ ವಯಸ್ಸಿಗೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದ. ಆ ಪ್ರಬಂಧದಲ್ಲಿ ಅವನು ಮಾಡಿದ್ದು ಎರಡೇ ಹೊಂದಾಣಿಕೆ. ಅಣುಗಳಿಗೂ ಜಾಗ ಬೇಕು, ಹಾಗಾಗಿ ಒಟ್ಟು ಗಾತ್ರದಿಂದ ಅಣುಗಳು ಹಿಡಿದ ಜಾಗವನ್ನು ಕಳೆಯಿರಿ. ಅಣುಗಳು ಒಂದನ್ನೊಂದು ಎಳೆಯುತ್ತವೆ, ಹಾಗಾಗಿ ಮೀಟರು ತೋರಿಸುವ ಒತ್ತಡಕ್ಕೆ ಆ ಎಳೆತದ ಪಾಲನ್ನು ಕೂಡಿಸಿ. ಒಂದು ಖರ್ಚಿಗೆ, ಒಂದು ಜಮೆಗೆ. ಈ ಎರಡು ಎಂಟ್ರಿ ಹಾಕಿದ ಕೂಡಲೇ ರೆನೋನ ವ್ಯತ್ಯಾಸಗಳಿಗೂ ಆಂಡ್ರೂಸನ ಗಡಿಗೂ ಕಾರಣ ಸಿಕ್ಕಿತು. ಅಂಕಿಗಳು ಪೂರ್ತಿ ಪೈಸೆಗೆ ಪೈಸೆ ಕೂಡಲಿಲ್ಲ ನಿಜ, ಆದರೆ ಪುಸ್ತಕ ಎಲ್ಲಿ ತಪ್ಪುತ್ತಿದೆ ಅನ್ನುವುದು ಮೊದಲ ಸಲ ತಿಳಿಯಿತು. 1910ರಲ್ಲಿ ಅವನಿಗೆ ನೊಬೆಲ್ ಬಂತು.

1880ರಲ್ಲಿ ಅವನೇ ಇನ್ನೊಂದು ಮಾತು ಹೇಳಿದ. ಅದು ನನಗೆ ಬಹಳ ಹಿಡಿಸಿದ್ದು. ಪ್ರತಿ ಅನಿಲವನ್ನೂ ಅದರದೇ ಕ್ರಿಟಿಕಲ್ ಗಡಿಯ ಅನುಪಾತದಲ್ಲಿ ಅಳೆದರೆ ಎಲ್ಲ ಅನಿಲಗಳೂ ಹೆಚ್ಚುಕಡಿಮೆ ಒಂದೇ ರೀತಿ ನಡೆದುಕೊಳ್ಳುತ್ತವೆ. ನಾವು ಸಾಲದ ಅರ್ಜಿ ನೋಡುವಾಗ ಮಾಡುವುದೂ ಇದನ್ನೇ ಅಲ್ಲವೇ? ತ್ರಿಶ್ಶೂರಿನ ಚಿನ್ನದ ಅಂಗಡಿಯನ್ನೂ ಬೀದಿ ಬದಿಯ ಚಾಯ್ ಅಂಗಡಿಯನ್ನೂ ರೂಪಾಯಿಯಲ್ಲಿ ಹೋಲಿಸಲಾಗದು. ಅನುಪಾತದಲ್ಲಿ ಹೋಲಿಸಬಹುದು.

ವಿಜ್ಞಾನಿಗಳು ಈ ವ್ಯತ್ಯಾಸವನ್ನು ಒಂದೇ ಅಂಕಿಯಲ್ಲಿ ಬರೆಯುತ್ತಾರೆ, ಅದಕ್ಕೆ ಝಡ್ ಅಂತ ಹೆಸರು. ಅನಿಲ ಆದರ್ಶವಾಗಿದ್ದರೆ ಝಡ್ ಸರಿಯಾಗಿ 1. ಎಳೆತ ಮೇಲುಗೈ ಆದರೆ 1ಕ್ಕಿಂತ ಕಡಿಮೆ, ಅಣುಗಳ ಗಾತ್ರ ಮೇಲುಗೈ ಆದರೆ 1ಕ್ಕಿಂತ ಹೆಚ್ಚು. 30 ಡಿಗ್ರಿಯಲ್ಲಿ, 50 ಬಾರ್ ಒತ್ತಡದಲ್ಲಿ (ಒಂದು ಬಾರ್ ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ಮೀಥೇನಿನ ಝಡ್ ಸುಮಾರು 0.92. ಒತ್ತಡ 90 ಬಾರ್ ಆದರೆ 0.87ರ ಆಸುಪಾಸು. ಹೈಡ್ರೋಜನ್ ನೋಡಿ, ಅದೇ ಉಷ್ಣತೆಯಲ್ಲಿ 100 ಬಾರ್ ಒತ್ತಡದಲ್ಲಿ ಸುಮಾರು 1.06. ಮೊದಲಿಗೇ ಹೇಳಿದೆನಲ್ಲ, ಕೊಚ್ಚಿಯ ಅನಿಲ ಈ ಕಡೆ, ತಿರುವನಂತಪುರದ ಅನಿಲ ಆ ಕಡೆ!

ಕೊಚ್ಚಿಯ ಲೆಕ್ಕ ಮೊದಲು ಮಾಡೋಣ. ಮೀಥೇನನ್ನು ಸಾಮಾನ್ಯ ಒತ್ತಡದಲ್ಲಿ ಮೈನಸ್ 162 ಡಿಗ್ರಿಗೆ ತಣಿಸಿದರೆ ದ್ರವವಾಗುತ್ತದೆ, ಗಾತ್ರ ಸುಮಾರು 600ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೀಥೇನ್ ಆದರ್ಶ ಅನಿಲವೇ ಆಗಿದ್ದರೆ? 30 ಡಿಗ್ರಿ ಅಂದರೆ ಕೆಲ್ವಿನ್ ಲೆಕ್ಕದಲ್ಲಿ 303, ಮೈನಸ್ 162 ಅಂದರೆ 111. ಭಾಗಿಸಿದರೆ 2.7. ಅಂದರೆ ಅಷ್ಟೆಲ್ಲ ತಣಿಸಿದ ಮೇಲೂ ಅದು ಮೂರನೇ ಒಂದು ಪಾಲಿಗಷ್ಟೇ ಕುಗ್ಗಿ ಅನಿಲವಾಗಿಯೇ ಇರುತ್ತಿತ್ತು. ಹಡಗು ತುಂಬ ಅದನ್ನು ಹೊತ್ತು ತಂದರೆ ಹಡಗಿನ ಡೀಸೆಲ್ ಖರ್ಚೂ ಹುಟ್ಟುತ್ತಿರಲಿಲ್ಲ. 2.7ಕ್ಕೂ 600ಕ್ಕೂ ಇರುವ ಅಂತರವೇ ಎಲ್‌ಎನ್‌ಜಿ ವ್ಯಾಪಾರ. ಅಣುಗಳು ಒಂದನ್ನೊಂದು ಎಳೆಯುವುದರಿಂದ ಹುಟ್ಟಿದ ಲಾಭ ಅದು.

ಈ ವ್ಯಾಪಾರ ಶುರುವಾದದ್ದು 1959ರಲ್ಲಿ, ಮೀಥೇನ್ ಪಯೊನಿಯರ್ ಎಂಬ ಹಡಗು ಅಮೆರಿಕದ ಲೂಸಿಯಾನಾದಿಂದ ಇಂಗ್ಲೆಂಡಿಗೆ ದ್ರವ ಮೀಥೇನ್ ಸಾಗಿಸಿದಾಗ. ಭಾರತಕ್ಕೆ ಬಂದದ್ದು 2004ರಲ್ಲಿ, ಗುಜರಾತಿನ ದಹೇಜಿಗೆ. ಕೊಚ್ಚಿಗೆ ಅದೇ ಪೆಟ್ರೋನೆಟ್ ಕಂಪನಿ ಪುದುವೈಪ್ಪಿನಲ್ಲಿ ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯದ ಟರ್ಮಿನಲ್ ಕಟ್ಟಿತು. 2013ರ ಆಗಸ್ಟಿನಲ್ಲಿ ಕತಾರಿನಿಂದ ಮೊದಲ ಹಡಗು ಬಂತು. 2014ರ ಜನವರಿಯಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅದನ್ನು ದೇಶಕ್ಕೆ ಅರ್ಪಿಸಿದರು. ಅದಕ್ಕೂ ಮೊದಲೇ, 2009ರಲ್ಲಿ, ಆಸ್ಟ್ರೇಲಿಯಾದ ಗೋರ್ಗನ್ ಯೋಜನೆಯಿಂದ ವರ್ಷಕ್ಕೆ 14.4 ಲಕ್ಷ ಟನ್ ತರಿಸಲು ಇಪ್ಪತ್ತು ವರ್ಷದ ಒಪ್ಪಂದವೂ ಆಗಿತ್ತು.

ಎಲ್ಲ ಇತ್ತು, ಒಂದು ಇರಲಿಲ್ಲ. ಅನಿಲ ಹೊರಗೆ ಹೋಗಲು ಪೈಪು! ಉದ್ಯೋಗಮಂಡಲದ ಫ್ಯಾಕ್ಟ್, ಅಂಬಲಮುಗಳಿನ ರಿಫೈನರಿ, ಹೀಗೆ ಕೊಚ್ಚಿಯ ಸುತ್ತಮುತ್ತಲಿನ ಕೆಲವೇ ಗಿರಾಕಿಗಳು. ಮೊದಲ ಕೆಲವು ವರ್ಷ ಹತ್ತರಲ್ಲಿ ಒಂದು ಪಾಲು ಸಾಮರ್ಥ್ಯವೂ ಬಳಕೆಯಾಗಲಿಲ್ಲ. ನಾಲ್ಕು ಸಾವಿರ ಕೋಟಿಗೂ ಮೀರಿದ ಆಸ್ತಿ ಖಾಲಿ ಕೂತರೆ ಏನಾಗುತ್ತದೆ ಅಂತ ಬ್ಯಾಂಕಿನವರಿಗೆ ಬಿಡಿಸಿ ಹೇಳಬೇಕೆ? ಬಡ್ಡಿ ರಜೆ ತೆಗೆದುಕೊಳ್ಳುವುದಿಲ್ಲ.

ಪೈಪ್‌ಲೈನ್ ಯಾಕೆ ತಡವಾಯಿತು ಅಂದರೆ, ಜಾಗ. ಕೇರಳದಲ್ಲಿ ಊರು ಎಲ್ಲಿ ಮುಗಿಯಿತು, ಇನ್ನೊಂದು ಊರು ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಹತ್ತು ಸೆಂಟ್ಸು ಜಾಗದಲ್ಲಿ ಮನೆ, ಬಾವಿ, ನಾಲ್ಕು ತೆಂಗು. ಅದರ ನಡುವೆ ಪೈಪು ಹಾದರೆ ಮತ್ತೆ ಅಲ್ಲಿ ಮನೆ ಕಟ್ಟುವ ಹಾಗಿಲ್ಲ, ಬೇರು ಬಿಡುವ ಮರ ನೆಡುವ ಹಾಗಿಲ್ಲ. ಅದಕ್ಕಿಂತ ದೊಡ್ಡದು ಭಯ. 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ ಎಲ್‌ಪಿಜಿ ಟ್ಯಾಂಕರು ರಸ್ತೆಯ ಡಿವೈಡರಿಗೆ ಬಡಿದು ಸ್ಫೋಟವಾಗಿ 20 ಜನ ಸತ್ತರು. ಆ ನೆನಪು ಹಸಿಯಾಗಿಯೇ ಇತ್ತು. ಮಲಪ್ಪುರಂ, ಕೋಝಿಕ್ಕೋಡ್ ಜಿಲ್ಲೆಗಳಲ್ಲಿ ಜೋರು ವಿರೋಧ ಬಂತು. 2017ರ ನವೆಂಬರಿನಲ್ಲಿ ಮುಕ್ಕಂ ಹತ್ತಿರ ಲಾಠಿ ಚಾರ್ಜೂ ಆಯಿತು.

ಇಲ್ಲಿ ನಮ್ಮ ನೈಜ ಅನಿಲದ ಪಾಠ ಬರೀ ಪಾಠವಾಗಿ ಉಳಿಯುವುದಿಲ್ಲ. ಟ್ಯಾಂಕರಿನಲ್ಲಿರುವ ಎಲ್‌ಪಿಜಿ ದ್ರವ. ಟ್ಯಾಂಕು ಸೀಳಿದರೆ ಒಂದು ಲೀಟರು ಸುಮಾರು 250 ಲೀಟರು ಅನಿಲವಾಗುತ್ತದೆ. ಅದು ಗಾಳಿಗಿಂತ ಭಾರ, ಹಾಗಾಗಿ ನೀರಿನ ಹಾಗೆ ತಗ್ಗಿಗೆ ಹರಿದು, ಚರಂಡಿಯಲ್ಲಿ, ಅಂಗಳದಲ್ಲಿ, ಮನೆಯೊಳಗೆ ತುಂಬಿ ಬೆಂಕಿಗಾಗಿ ಕಾಯುತ್ತದೆ. ಪೈಪಿನಲ್ಲಿ ಹರಿಯುವ ಮೀಥೇನ್ ದ್ರವವಲ್ಲ, ಈ ಹವೆಯಲ್ಲಿ ದ್ರವವಾಗಲು ಸಾಧ್ಯವೂ ಇಲ್ಲ. ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೆ ಹೋಗುತ್ತದೆ. ಹಾಗಂತ ಪೈಪು ನಿರಪಾಯ ಅಂತ ನಾನು ಹೇಳುತ್ತಿಲ್ಲ. 2014ರ ಜೂನಿನಲ್ಲಿ ಆಂಧ್ರದ ನಗರಂ ಹಳ್ಳಿಯಲ್ಲಿ ಗೇಲ್ ಕಂಪನಿಯ ಪೈಪು ಒಡೆದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತದ್ದು ಸುಳ್ಳಲ್ಲ. ಅಲ್ಲಿ ಪೈಪಿನೊಳಗೆ ನೀರಿನ ಅಂಶ ಸೇರಿ ತುಕ್ಕು ಹಿಡಿದದ್ದು ಕಾರಣಗಳಲ್ಲೊಂದಾಗಿತ್ತು. ಎರಡು ಅಪಾಯಗಳ ಜಾತಿ ಬೇರೆ, ಅಷ್ಟೇ. ಮುಕ್ಕಂನ ಜನಕ್ಕೆ ಇದನ್ನು ಮಲಯಾಳದಲ್ಲಿ, ಅವರ ಅಂಗಳದಲ್ಲಿ ಕೂತು ಮೊದಲೇ ಬಿಡಿಸಿ ಹೇಳಿದ್ದರೆ ಲಾಠಿ ಬೇಕಾಗುತ್ತಿರಲಿಲ್ಲವೇನೋ ಅಂತ ನನ್ನ ಅನಿಸಿಕೆ.

ಕೊನೆಗೆ ಪೈಪು ಉತ್ತರಕ್ಕೆ ಸಾಗಿ ಕಾಸರಗೋಡು ಮುಟ್ಟಿತು. ಅಲ್ಲಿ ಕೊನೆಯ ತಡೆ ಯಾವುದು ಗೊತ್ತೇ? ಚಂದ್ರಗಿರಿ ಹೊಳೆ! ಮಲಯಾಳ ದೇಶಕ್ಕೂ ತುಳುನಾಡಿಗೂ ನಡುವಿನ ಗಡಿ ಅಂತ ಹಿರಿಯರು ಹೇಳುತ್ತಿದ್ದ ಅದೇ ಹೊಳೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ನಮ್ಮವರು ಮತ್ತೆ ಮತ್ತೆ ಹೆಸರೆತ್ತಿದ ಹೊಳೆ. ಅದರ ತಳದ ಅಡಿಯಲ್ಲಿ ಸುಮಾರು ಒಂದೂವರೆ ಕಿಲೋಮೀಟರು ಅಡ್ಡಡ್ಡ ಕೊರೆದು ಪೈಪು ಎಳೆಯಬೇಕಿತ್ತು. 2020ರಲ್ಲಿ ಅದು ಮುಗಿಯಿತು. 2021ರ ಜನವರಿ 5ರಂದು ಪ್ರಧಾನಿ ನರೇಂದ್ರ ಮೋದಿ 450 ಕಿಲೋಮೀಟರಿನ ಕೊಚ್ಚಿ-ಮಂಗಳೂರು ಪೈಪ್‌ಲೈನನ್ನು ಉದ್ಘಾಟಿಸಿದರು. ಪಣಂಬೂರಿನ ಗೊಬ್ಬರ ಕಾರ್ಖಾನೆ ನಾಫ್ತಾ ಬಿಟ್ಟು ಅನಿಲಕ್ಕೆ ಬದಲಾಯಿತು. ಕೊಚ್ಚಿಯಲ್ಲಿ ಇಳಿದ ಮೀಥೇನ್ ದಕ್ಷಿಣ ಕನ್ನಡದಲ್ಲಿ ಯೂರಿಯಾ ಆಗುತ್ತದೆ, ಗದ್ದೆಗೆ ಹೋಗುತ್ತದೆ.

ಈ ಪೈಪಿನ ಸಾಮರ್ಥ್ಯ ದಿನಕ್ಕೆ 120 ಲಕ್ಷ ಘನ ಮೀಟರು. ಈ 'ಘನ ಮೀಟರು' ಅನ್ನುವುದು ಪೈಪಿನೊಳಗಿನ ಒತ್ತಿದ ಅನಿಲದ್ದಲ್ಲ, ಸಾಮಾನ್ಯ ಒತ್ತಡಕ್ಕೆ ತಂದು ಲೆಕ್ಕ ಹಾಕಿದ್ದು. ಮೀಟರು ಅಳೆಯುವುದು ಒಳಗಿನ ಗಾತ್ರವನ್ನು, ಬಿಲ್ಲು ಬೇಕಾಗಿರುವುದು ಹೊರಗಿನ ಗಾತ್ರಕ್ಕೆ. ಒಂದರಿಂದ ಇನ್ನೊಂದಕ್ಕೆ ಬರುವ ದಾರಿಯಲ್ಲಿ ಝಡ್ ಕೂತಿದೆ. 50 ಬಾರ್ ಒತ್ತಡದಲ್ಲಿ ಝಡ್ ಮರೆತು ಆದರ್ಶ ಸೂತ್ರದಲ್ಲೇ ಲೆಕ್ಕ ಹಾಕಿದರೆ ನೂರು ಘನ ಮೀಟರು ಕೊಟ್ಟು 92ಕ್ಕೆ ಬಿಲ್ಲು ಬರೆದ ಹಾಗೆ. ಪೈಪು ತುಂಬ ಹರಿದ ದಿನ ಅದು 9 ಲಕ್ಷ 60 ಸಾವಿರ ಘನ ಮೀಟರಿನ ವ್ಯತ್ಯಾಸ! ಅದಕ್ಕೇ ದೊಡ್ಡ ಗಿರಾಕಿಗಳ ಮೀಟರಿನ ಪಕ್ಕದಲ್ಲಿ ಒಂದು ಪುಟ್ಟ ಕಂಪ್ಯೂಟರು ಇರುತ್ತದೆ. ಅನಿಲದಲ್ಲಿ ಮೀಥೇನ್ ಎಷ್ಟು, ಈಥೇನ್ ಎಷ್ಟು, ಒತ್ತಡ ಎಷ್ಟು, ಉಷ್ಣತೆ ಎಷ್ಟು ಅಂತ ನೋಡಿ ಕ್ಷಣ ಕ್ಷಣಕ್ಕೂ ಝಡ್ ಲೆಕ್ಕ ಹಾಕುತ್ತದೆ. ವಾನ್ ಡರ್ ವಾಲ್ಸನ ಎರಡು ಎಂಟ್ರಿಗಳ ಮೊಮ್ಮಗ ಅದು. ಮನೆಯ ಅಡುಗೆ ಪೈಪಿಗೆ ಬರುವ ಹೊತ್ತಿಗೆ ಒತ್ತಡ ಸಾಮಾನ್ಯ ಗಾಳಿಗಿಂತ ಕೊಂಚವೇ ಹೆಚ್ಚು, ಅಲ್ಲಿ ಝಡ್ 1 ಅಂದರೂ ನಷ್ಟವಿಲ್ಲ. ಎರ್ನಾಕುಲಂನ ಆಟೋದವರಿಗೂ ಇದರಿಂದ ಲಾಭ ಇದೆ. 200 ಬಾರ್ ಒತ್ತಡದ ಸಿಎನ್‌ಜಿ ಸಿಲಿಂಡರಿನಲ್ಲಿ ಆದರ್ಶ ಲೆಕ್ಕಕ್ಕಿಂತ ಸುಮಾರು ಐದನೇ ಒಂದು ಪಾಲು ಹೆಚ್ಚು ಅನಿಲ ಹಿಡಿಯುತ್ತದೆ.

ಇನ್ನೊಂದು ಸಣ್ಣ ಸಂಗತಿ. ದೊಡ್ಡ ಪೈಪಿನಿಂದ ಊರಿನ ಪೈಪಿಗೆ ಅನಿಲ ಇಳಿಸುವ ಜಾಗದಲ್ಲಿ ಒತ್ತಡ ಇಳಿದ ಕೂಡಲೇ ಅನಿಲ ತಣ್ಣಗಾಗುತ್ತದೆ. ಮೀಥೇನಿಗೆ ಒಂದು ಬಾರ್ ಇಳಿದರೆ ಅರ್ಧ ಡಿಗ್ರಿಗೆ ಸ್ವಲ್ಪ ಕಡಿಮೆ. ಒಮ್ಮೆಲೇ ಬಹಳ ಇಳಿಸಿದರೆ ಪೈಪಿನ ಮೈ ಬೆವರುತ್ತದೆ, ಕೆಲವು ಕಡೆ ಅನಿಲವನ್ನು ಮೊದಲು ಕಾಯಿಸಿಯೇ ಇಳಿಸುತ್ತಾರೆ. 1852ರಲ್ಲಿ ಜೌಲ್ ಮತ್ತು ಥಾಮ್ಸನ್ ಕಂಡುಹಿಡಿದದ್ದು ಇದನ್ನು. ಅಣುಗಳು ಪರಸ್ಪರ ಎಳೆತ ಬಿಡಿಸಿಕೊಂಡು ದೂರ ಹೋಗಬೇಕಾದರೆ ಶಕ್ತಿ ಖರ್ಚಾಗುತ್ತದೆ, ಆ ಖರ್ಚು ಅವುಗಳದೇ ಶಾಖದ ಖಾತೆಯಿಂದ. ಆದರ್ಶ ಅನಿಲಕ್ಕೆ ಎಳೆತವೇ ಇಲ್ಲ, ಹಾಗಾಗಿ ಅದು ಒಂದು ಚೂರೂ ತಣಿಯುವುದಿಲ್ಲ. 1895ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಇದೇ ಉಪಾಯದಿಂದ ಗಾಳಿಯನ್ನು ದ್ರವ ಮಾಡುವ ಯಂತ್ರ ಕಟ್ಟಿದ.

ಇಲ್ಲಿಂದ ತಿರುವನಂತಪುರಕ್ಕೆ ಹೋಗೋಣ. ಕೊಚ್ಚಿಯಿಂದ ದಕ್ಷಿಣಕ್ಕೆ ಪೈಪಿಲ್ಲ, ಆ ಕಡೆಗೆ ಎಲ್‌ಎನ್‌ಜಿ ಟ್ಯಾಂಕರು ಲಾರಿಯಲ್ಲಿ ಹೋಗುತ್ತದೆ. ಆದರೆ ಆ ಊರಿನ ನಿಜವಾದ ಅನಿಲ ಬೇರೆ. 1963ರ ನವೆಂಬರ್ 21ರಂದು ತುಂಬಾ ಮೀನುಗಾರರ ಹಳ್ಳಿಯಿಂದ ನೈಕಿ ಅಪಾಚೆ ರಾಕೆಟ್ ಹಾರಿತು. ಅಲ್ಲಿಂದ ಬೆಳೆದ ಸಂಸ್ಥೆಗಳಲ್ಲಿ ಒಂದು ವಲಿಯಮಲದ ದ್ರವ ಇಂಧನ ಕೇಂದ್ರ. ಭಾರದ ಉಪಗ್ರಹ ಎತ್ತಬೇಕಾದರೆ ದ್ರವ ಹೈಡ್ರೋಜನ್ ಮತ್ತು ದ್ರವ ಆಮ್ಲಜನಕ ಉರಿಸುವ ಕ್ರಯೋಜೆನಿಕ್ ಎಂಜಿನ್ ಬೇಕು. ಆಮ್ಲಜನಕ ಮೈನಸ್ 183ರಲ್ಲಿ ದ್ರವ. ಹೈಡ್ರೋಜನ್ ಮೈನಸ್ 253ರಲ್ಲಿ.

ಹೈಡ್ರೋಜನ್ ಯಾಕೆ ಅಷ್ಟು ಹಟಮಾರಿ? ಅದರ ಅಣುಗಳ ನಡುವಿನ ಎಳೆತ ಬಹಳ ದುರ್ಬಲ. ಕೋಣೆಯ ಉಷ್ಣತೆಯಲ್ಲಿ ಅದರ ಒತ್ತಡ ಇಳಿಸಿದರೆ ತಣ್ಣಗಾಗುವ ಬದಲು ಬಿಸಿಯಾಗುತ್ತದೆ! ಸುಮಾರು ಮೈನಸ್ 71 ಡಿಗ್ರಿಗಿಂತ ಕೆಳಗೆ ತಂದ ಮೇಲಷ್ಟೇ ಲಿಂಡೆಯ ಉಪಾಯ ಅದರ ಮೇಲೆ ನಡೆಯುತ್ತದೆ. ರೆನೋ ಕಂಡ ಆ ಉಲ್ಟಾ ವ್ಯತ್ಯಾಸದ ಬೆಲೆ ಇದು. ಜೇಮ್ಸ್ ಡ್ಯೂಯರ್ ಲಂಡನ್ನಿನಲ್ಲಿ ಮೊದಲೇ ಚೆನ್ನಾಗಿ ತಣಿಸಿಟ್ಟ ಹೈಡ್ರೋಜನನ್ನು ಹಿಗ್ಗಿಸಿ 1898ರಲ್ಲಿ ಅದನ್ನು ದ್ರವ ಮಾಡಿದ. ಫ್ಯಾರಡೆಯ ಆರು ಅನಿಲಗಳಲ್ಲಿ ಕೊನೆಯದು ಅದು.

ನಮ್ಮ ದೇಶಕ್ಕೆ ಈ ವಿದ್ಯೆ ಸುಲಭವಾಗಿ ದಕ್ಕಲಿಲ್ಲ. ಇಸ್ರೋ ಅಧ್ಯಕ್ಷರಾಗಿದ್ದವರು ನಮ್ಮ ಉಡುಪಿಯ ಅದಮಾರಿನ ಯು.ಆರ್. ರಾವ್. ಅವರ ಕಾಲದಲ್ಲಿ, 1991ರ ಜನವರಿಯಲ್ಲಿ, ಸೋವಿಯತ್ ಒಕ್ಕೂಟದ ಗ್ಲಾವ್‌ಕಾಸ್ಮೋಸ್ ಜೊತೆ ಎಂಜಿನ್ನೂ ತಂತ್ರಜ್ಞಾನವೂ ಸೇರಿ ಒಪ್ಪಂದವಾಯಿತು. 1992ರ ಮೇನಲ್ಲಿ ಅಮೆರಿಕ ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧ ಹೇರಿತು. 1993ರಲ್ಲಿ ರಷ್ಯಾ ಹಿಂದೆ ಸರಿಯಿತು. ಕಟ್ಟಿದ ಎಂಜಿನ್ ಹಂತಗಳನ್ನು ಕೊಡುತ್ತೇವೆ, ಮಾಡುವ ಬಗೆ ಹೇಳಿಕೊಡುವುದಿಲ್ಲ ಅಂದಿತು. ಅದರ ಬೆನ್ನಿಗೇ 1994ರ ನವೆಂಬರಿನಲ್ಲಿ ಕ್ರಯೋಜೆನಿಕ್ ಯೋಜನೆಯ ಹೊಣೆ ಹೊತ್ತಿದ್ದ ನಂಬಿ ನಾರಾಯಣನ್ ಅವರನ್ನು ಗೂಢಚರ್ಯೆಯ ಆರೋಪದಲ್ಲಿ ಬಂಧಿಸಿದರು. 1996ರಲ್ಲಿ ಸಿಬಿಐ ಆರೋಪ ಸುಳ್ಳು ಅಂದಿತು. ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು 2018ರಲ್ಲಿ. ಇಪ್ಪತ್ತನಾಲ್ಕು ವರ್ಷ. ಆ ಬಡ್ಡಿಯ ಲೆಕ್ಕ ಯಾವ ಬ್ಯಾಂಕೂ ಹಾಕಲಾರದು.

ಕೆಲಸ ನಿಲ್ಲಲಿಲ್ಲ. ರಷ್ಯಾದ ಹಂತ ಹೊತ್ತ ಮೊದಲ ಜಿಎಸ್‌ಎಲ್‌ವಿ 2001ರ ಏಪ್ರಿಲ್‌ನಲ್ಲಿ ಹಾರಿತು. ನಮ್ಮದೇ ಕ್ರಯೋಜೆನಿಕ್ ಹಂತದ ಮೊದಲ ಹಾರಾಟ 2010ರ ಏಪ್ರಿಲ್ 15ರಂದು ಸೋತಿತು. 2014ರ ಜನವರಿ 5ರಂದು ಗೆದ್ದಿತು. ಪುದುವೈಪ್ಪಿನ ಟರ್ಮಿನಲ್ ದೇಶಕ್ಕೆ ಅರ್ಪಣೆಯಾದದ್ದೂ ಅದೇ ವಾರ! ಕೇರಳದ ಎರಡು ಊರುಗಳ ಎರಡು ಹಟಮಾರಿ ಅನಿಲಗಳು ಒಂದೇ ವಾರದಲ್ಲಿ ಸುದ್ದಿಯಾಗಿದ್ದವು. 2023ರ ಜುಲೈ 14ರಂದು ಚಂದ್ರಯಾನ-3ನ್ನು ಹೊತ್ತೊಯ್ದ ರಾಕೆಟ್ಟಿನ ಮೇಲಿನ ಹಂತವೂ ದ್ರವ ಹೈಡ್ರೋಜನಿನದೇ.

ಆದರೆ ಹೈಡ್ರೋಜನ್ ಪೂರ್ತಿ ಪಳಗಿದೆ ಅಂತ ತಿಳಿಯಬೇಡಿ. 2021ರ ಆಗಸ್ಟ್ 12ರ ಹಾರಾಟದಲ್ಲಿ ಹೈಡ್ರೋಜನ್ ಟ್ಯಾಂಕಿನ ಒಂದು ವಾಲ್ವ್ ಸೋರಿ ಒಳಗಿನ ಒತ್ತಡ ಇಳಿಯಿತು. ಅಷ್ಟು ತಂಪಿನ ದ್ರವ ಸದಾ ಕುದಿಯುವ ಅಂಚಿನಲ್ಲೇ ಇರುತ್ತದೆ. ಮೇಲಿನ ಒತ್ತಡ ಸಾಲದಿದ್ದರೆ ಪಂಪಿಗೆ ದ್ರವದ ಬದಲು ಗುಳ್ಳೆ ಬರುತ್ತದೆ. ಎಂಜಿನ್ ಸರಿಯಾಗಿ ಹೊತ್ತಲಿಲ್ಲ, ಉಪಗ್ರಹ ಹೋಯಿತು. ಒಂದು ವಾಲ್ವಿನ ಸೀಲು, ಅಷ್ಟೇ.

ನಮ್ಮ ಕಡೆ ಮಕ್ಕಳು ಪಿಯುಸಿಯಲ್ಲಿ ವಾನ್ ಡರ್ ವಾಲ್ಸ್ ಸಮೀಕರಣವನ್ನು ಐದು ಅಂಕದ ಪ್ರಶ್ನೆ ಅಂತ ಓದಿ ಮರೆಯುತ್ತಿದ್ದರು. ಈ ಊರುಗಳಿಗೆ ಬಂದ ನೆಂಟರ ಮಕ್ಕಳಿಗೆ ನಾನು ಫೋರ್ಟ್ ಕೊಚ್ಚಿಯ ಚೀನಾ ಬಲೆ ತೋರಿಸುವಾಗ ಎದುರು ದಡದ ಬಿಳಿ ಟ್ಯಾಂಕುಗಳನ್ನೂ ತೋರಿಸುತ್ತೇನೆ. ಅಲ್ಲಿ ಒಳಗಿರುವುದು ಫ್ಯಾರಡೆ ಕೈಬಿಟ್ಟ ಅನಿಲ ಅಂತ ಹೇಳುತ್ತೇನೆ. ಕೆಲವು ಮಕ್ಕಳು ಕೇಳುತ್ತವೆ, ಕೆಲವು ಐಸ್‌ಕ್ರೀಮ್ ಬೇಕು ಅನ್ನುತ್ತವೆ.

ಇದನ್ನು ಓದುವವರಲ್ಲಿ ಕಾಸರಗೋಡು, ಮಂಗಳೂರಿನ ಕಡೆಯವರು ಇದ್ದೀರಿ ಅಂತ ಗೊತ್ತು. ನಿಮ್ಮ ಅಡಿಕೆ ತೋಟದ ಅಂಚಿನಲ್ಲಿ ಆ ಪೈಪು ಹಾದಿದ್ದರೆ, ಚಂದ್ರಗಿರಿಯಲ್ಲಿ ಕೊರೆಯುವಾಗ ನೀವು ನೋಡಿದ್ದರೆ, ಪರಿಹಾರದ ಹಣ ಸರಿಯಾಗಿ ಕೈಸೇರಿತೋ ಇಲ್ಲವೋ, ಎರಡು ಸಾಲು ಬರೆದು ತಿಳಿಸಿ. ಪತ್ರಿಕೆಗಳಲ್ಲಿ ಕಿಲೋಮೀಟರು ಸಿಗುತ್ತದೆ, ಅದು ಸಿಗುವುದಿಲ್ಲ.